ಬಿಸಿನೀರಿಗೂ ಒಂದು ಕ್ರಮವಿದೆ

ಕಳೆದ ಚಳಿಗಾಲದಲ್ಲಿ ಟಿ. ನರಸೀಪುರದ ಹಿರಿಯರೊಬ್ಬರು ನಂಜನಗೂಡಿನ ನನ್ನ ಕ್ಲಿನಿಕ್ಕಿಗೆ ಬಂದರು. ಎರಡೂ ಪಾದಗಳ ಮೇಲೆ ನೀರುಗುಳ್ಳೆಗಳು ಎದ್ದಿದ್ದವು.

"ಬಿಸಿನೀರಲ್ಲಿ ಕಾಲಿಟ್ಟು ಕೂತಿದ್ದೆ ಅಷ್ಟೇ ಹಕೀಂ ಸಾಬ್. ಸುಟ್ಟಿದ್ದೇ ಗೊತ್ತಾಗಲಿಲ್ಲ" ಎಂದರು.

ಅವರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಒಂದು ತಿಂಗಳ ಹಿಂದೆ ಮದುವೆ ಮನೆಯೊಂದರಲ್ಲಿ ಸಿಕ್ಕಿದ್ದ ಅವರು, "ಜಪಾನಿನವರು ಬಿಸಿನೀರಲ್ಲಿ ಕಾಲಿಟ್ಟು ಕೂರುತ್ತಾರಂತೆ, ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ. ಒಳ್ಳೆಯದಾ?" ಎಂದು ಕೇಳಿದ್ದರು. "ನಮ್ಮ ಯುನಾನಿಯಲ್ಲೂ ಇದೆ ಚಾಚಾ, ಪಾಶೋಯಾ ಅಂತಾರೆ, ಮಾಡಿ" ಎಂದುಬಿಟ್ಟಿದ್ದೆ. ಸಕ್ಕರೆ ಇದೆಯಾ ಎಂದು ಕೇಳಲಿಲ್ಲ. ತಪ್ಪು ನನ್ನದೇ.

ಆ ಬಳಿಕ ಜಪಾನಿನವರ ಸ್ನಾನದ ಕುರಿತು ಓದತೊಡಗಿದೆ. ಆಗ ಪರಿಚಯವಾದವರು ಎರ್ವಿನ್ ಬೆಲ್ಟ್ಸ್ ಎಂಬ ಜರ್ಮನ್ ವೈದ್ಯರು. 1849ರಲ್ಲಿ ಹುಟ್ಟಿದ ಇವರು ಪಾಶ್ಚಾತ್ಯ ವೈದ್ಯಶಾಸ್ತ್ರ ಕಲಿಸಲು 1876ರಲ್ಲಿ ಟೋಕಿಯೋಗೆ ಹೋದರು. 1905ರಲ್ಲಿ ತಾಯ್ನಾಡಿಗೆ ಮರಳುವವರೆಗೆ ಅಲ್ಲಿಯೇ ಬಾಳಿದರು. ಹಾನಾ ಎಂಬ ಜಪಾನಿ ಮಹಿಳೆಯನ್ನು ವರಿಸಿದರು. ರಾಜಮನೆತನಕ್ಕೂ ವೈದ್ಯರಾದರು. ಅವರ ದಿನಚರಿಯನ್ನು ಮಗ ಮುಂದೆ ಪ್ರಕಟಿಸಿದರು.

ಕಲಿಸಲು ಹೋದವರು ಕಲಿತದ್ದೂ ಬಹಳ. ಜಪಾನಿನ ಮನೆಗಳಲ್ಲಿ ಮೊದಲು ತೊಟ್ಟಿಯ ಹೊರಗೆ ಕುಳಿತು ಮೈತೊಳೆದುಕೊಳ್ಳುತ್ತಾರೆ. ಕೊಳೆಯೆಲ್ಲ ಹೋದ ಮೇಲೆಯೇ ತೊಟ್ಟಿಗೆ ಇಳಿದು ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಕೂರುತ್ತಾರೆ. ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಅದೇ ನೀರನ್ನು ಬಳಸುವುದರಿಂದ ಈ ಕ್ರಮ. ಅಷ್ಟು ಬಿಸಿನೀರು ದೇಹಕ್ಕೆ ಕೆಡುಕು ಎಂದು ಯುರೋಪಿನವರು ನಂಬಿದ್ದ ಕಾಲವದು. ಬೆಲ್ಟ್ಸ್ ಅದನ್ನು ತಳ್ಳಿಹಾಕದೆ ಗಮನಿಸಿ ನೋಡಿದರು. ಅದರ ಪ್ರಯೋಜನವನ್ನು ಬರೆದು ಯುರೋಪಿಗೂ ತಿಳಿಸಿದರು.

ಅವರಿಗೆ ತುಂಬ ಮೆಚ್ಚುಗೆಯಾದ ಊರು ಕುಸಾತ್ಸು. ಅಲ್ಲಿ ನೆಲದಿಂದ ಉಕ್ಕುವ ನೀರು ಕಾಲಿಡಲಾಗದಷ್ಟು ಬಿಸಿ. ಜನರು ಉದ್ದನೆಯ ಹಲಗೆಗಳಿಂದ ನೀರನ್ನು ಕಲಕಿ ಕಲಕಿ ಬಿಸಿ ತಗ್ಗಿಸುತ್ತಿದ್ದರು. ಆಮೇಲೆ ತಲೆಯ ಮೇಲೆ ಹಲವು ಬಾರಿ ಬಿಸಿನೀರು ಹೊಯ್ದುಕೊಂಡು ದೇಹವನ್ನು ಒಗ್ಗಿಸಿಕೊಳ್ಳುತ್ತಿದ್ದರು. ಬಳಿಕ ಎಲ್ಲರೂ ಒಟ್ಟಿಗೆ ಇಳಿಯುತ್ತಿದ್ದರು. ಮೇಲ್ವಿಚಾರಕನೊಬ್ಬ ಸಮಯ ಎಣಿಸಿ ಕೂಗುತ್ತಿದ್ದ. ಸುಮಾರು ಮೂರು ನಿಮಿಷ, ಅಷ್ಟೇ, ಎಲ್ಲರೂ ಮೇಲೇಳಬೇಕು.

ಇದನ್ನು ಓದಿದಾಗ ನನ್ನ ತಪ್ಪು ಇನ್ನಷ್ಟು ಸ್ಪಷ್ಟವಾಯಿತು. ಅವರ ಸ್ನಾನ ಎಂದರೆ ಬರೀ ಬಿಸಿನೀರಲ್ಲ. ಅದಕ್ಕೆ ಸಿದ್ಧತೆ ಇದೆ, ಸಮಯ ಇದೆ, ಕಾಯುವವನಿದ್ದಾನೆ. ನಾವು ಮೊಬೈಲಿನಲ್ಲಿ ನೋಡಿ ಎತ್ತಿಕೊಂಡದ್ದು ಬಿಸಿಯನ್ನು ಮಾತ್ರ. ನಮ್ಮ ಯುನಾನಿಯ ಹಮ್ಮಾಮಿನಲ್ಲೂ ಕ್ರಮವಿದೆ. ಒಂದು ಕೋಣೆಗಿಂತ ಮುಂದಿನ ಕೋಣೆ ಹೆಚ್ಚು ಬಿಸಿ. ದೇಹ ಹಂತಹಂತವಾಗಿ ಒಗ್ಗಬೇಕು. ಹೊಟ್ಟೆ ತುಂಬಿರುವಾಗ ಹೋಗಬಾರದು, ಹೆಚ್ಚು ಹೊತ್ತು ಕೂರಬಾರದು. ರೋಗಿಯ ಮಿಜಾಜ್, ವಯಸ್ಸು, ಶಕ್ತಿ ನೋಡದೆ ಹಕೀಮರು ಹಮ್ಮಾಮ್ ಹೇಳುತ್ತಿರಲಿಲ್ಲ. ನಾನು ಅದನ್ನೇ ಮರೆತಿದ್ದೆ.

ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಜೋಮು ಹಿಡಿಯುತ್ತವೆ. ಬಿಸಿ, ಮುಳ್ಳು, ಚಪ್ಪಲಿ ಕಚ್ಚಿದ್ದು ಯಾವುದೂ ತಿಳಿಯುವುದಿಲ್ಲ. ರಕ್ತ ಸಂಚಾರವೂ ಕಡಿಮೆಯಾಗಿರುವುದರಿಂದ ಗಾಯ ಬೇಗ ಮಾಯುವುದಿಲ್ಲ. ಸಣ್ಣ ಗುಳ್ಳೆಯೂ ಕೊಳೆತು ಬೆರಳು, ಪಾದ ಕತ್ತರಿಸುವ ಸ್ಥಿತಿಗೆ ಬರಬಹುದು. ಆದ್ದರಿಂದ ಈ ಮಾತುಗಳನ್ನು ನೆನಪಿಡಿ:

• ಸಕ್ಕರೆ ಕಾಯಿಲೆಯವರು, ಪಾದ ಜೋಮು ಹಿಡಿದವರು ಬಿಸಿನೀರಿನಲ್ಲಿ ಕಾಲಿಟ್ಟು ಕೂರಲೇಬಾರದು. ಬಿಸಿನೀರಿನ ಚೀಲ, ಕೆಂಡದ ಕಾವು ಕೂಡ ಬೇಡ.

• ಹೃದ್ರೋಗ, ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ತುಂಬ ಬಿಸಿನೀರಿನ ಸ್ನಾನಕ್ಕೆ ಮುನ್ನ ವೈದ್ಯರನ್ನು ಕೇಳಬೇಕು.

• ಆರೋಗ್ಯವಂತರೂ ಹಂಡೆಯ ನೀರನ್ನು ನೇರ ಸುರಿದುಕೊಳ್ಳಬಾರದು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಪಾದದಿಂದಲ್ಲ, ಮೊಣಕೈಯಿಂದ ಬಿಸಿ ನೋಡಿ. ಮನೆಯ ಹಿರಿಯರ ನೀರನ್ನು ಬೇರೆಯವರು ಮುಟ್ಟಿ ನೋಡಲಿ.

• ವುಝೂ ಮಾಡುವಾಗ ದಿನಕ್ಕೆ ಐದು ಬಾರಿ ಪಾದಕ್ಕೆ ಕೈ ತಾಕುತ್ತದೆ. ಆಗಲೇ ಪಾದದ ತಳ, ಬೆರಳ ಸಂದು ನೋಡಿಕೊಳ್ಳಿ. ತೊಳೆದ ಮೇಲೆ ಬೆರಳ ಸಂದುಗಳನ್ನು ಒರೆಸಿ ಒಣಗಿಸಿ. ಒದ್ದೆ ಉಳಿದರೆ ಹುಣ್ಣಾಗುತ್ತದೆ. ಕಣ್ಣು ಮಂಜಾದವರಿಗೆ ಮಕ್ಕಳು ಅಥವಾ ಸೊಸೆ ದಿನಕ್ಕೊಮ್ಮೆ ನೋಡಿಕೊಡಲಿ.

• ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಅರಿಶಿನ, ಶಾಯಿ ಹಚ್ಚಬೇಡಿ, ಗುಳ್ಳೆ ಒಡೆಯಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ಚಾಚಾ ಅವರನ್ನು ಅಂದೇ ಮೈಸೂರಿನ ಶಸ್ತ್ರವೈದ್ಯರ ಬಳಿಗೆ ಕಳುಹಿಸಿದೆ. ಗಾಯ ಮಾಯಲು ಸುಮಾರು ಮೂರು ತಿಂಗಳು ಹಿಡಿಯಿತು. ಅಲ್ಲಾಹನ ಕೃಪೆಯಿಂದ ಪಾದ ಉಳಿಯಿತು. ಮೊನ್ನೆ ಬಂದವರು ಚಪ್ಪಲಿ ಬಿಟ್ಟು, ನಾನು ಕೇಳುವ ಮೊದಲೇ ಎರಡೂ ಪಾದ ಎತ್ತಿ ತೋರಿಸಿದರು. ಈಗ ನನ್ನ ಕ್ಲಿನಿಕ್ಕಿನಲ್ಲಿ ಪಾಶೋಯಾ ಹೇಳುವ ಮೊದಲು ಕೇಳುವ ಪ್ರಶ್ನೆ ಒಂದೇ: "ಸಕ್ಕರೆ ಎಷ್ಟಿದೆ?"