ಊರು ಬಿಟ್ಟವನಿಗೆ ಊರಿನ ಹೆಸರು

ಜೂನ್ ತಿಂಗಳ ನಡುವಿಗೆ ನಮ್ಮ ಶಾಲೆಯ ಬಾಗಿಲು ತೆರೆಯುತ್ತದೆ. ಪಾಲಕರು ಮಕ್ಕಳ ಕೈ ಹಿಡಿದುಕೊಂಡು ಬಂದು ನಮ್ಮ ಮೇಜಿನ ಮುಂದೆ ನಿಲ್ಲುತ್ತಾರೆ. ಜನರಲ್ ರಜಿಸ್ಟರನ್ನು ತೆರೆದು ನಾವು ಕೇಳುವ ಪ್ರಶ್ನೆಗಳು ನಾಲ್ಕೈದು ಮಾತ್ರ: ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುಟ್ಟಿದ ದಿನಾಂಕ, ಜಾತಿ. ಇವುಗಳಲ್ಲಿ ಮೂರನೆಯದಕ್ಕೆ ಉತ್ತರ ಕೊಡುವಾಗ ಹಲವರು ತುಸು ತಡೆಯುವದುಂಟು. “ನಮ್ಮನ್ನ ಬಿಳೂರವ್ರು ಅಂತಾರ್ರಿ ಗುರುಗಳ, ಕಾಗದದಾಗ ಏನ ಐತೋ ನೀವ ನೋಡ್ರಿ” ಎಂದು ಹೇಳಿ ನಮ್ಮ ಮುಖವನ್ನೇ ನೋಡುತ್ತಾರೆ. ಲೇಖಣಿ ನಮ್ಮ ಕೈಯಲ್ಲಿರುತ್ತದೆ. ಆ ಕ್ಷಣದಲ್ಲಿ ನಾವು ಬರೆದದ್ದೇ ಮುಂದೆ ಆ ಮನೆತನದ ಹೆಸರಾಗಿ ನಿಲ್ಲುತ್ತದೆ.

ಜತ್ತ ತಾಲೂಕಿನಲ್ಲಿ ಊರಿನಿಂದ ಬಂದ ಅಡ್ಡಹೆಸರುಗಳು ಹೇರಳವಾಗಿವೆ. ಉಮರಾಣಿ, ಮುಚಂಡಿ, ಬಿಳೂರ, ಮಾಡಗ್ಯಾಳ, ಕರಜಗಿ ಇವೆಲ್ಲ ಊರುಗಳೂ ಹೌದು, ಮನೆತನಗಳ ಹೆಸರುಗಳೂ ಹೌದು. ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಮುಚಂಡಿ ಎಂಬ ಅಡ್ಡಹೆಸರಿನವರನ್ನು ಮುಚಂಡಿಯಲ್ಲಿ ಹುಡುಕುವದು ವ್ಯರ್ಥ. ಅಲ್ಲಿ ಎಲ್ಲರೂ ಮುಚಂಡಿಯವರೇ ಆಗಿರುವಾಗ ಆ ಹೆಸರಿನಿಂದ ಒಬ್ಬನನ್ನು ಇನ್ನೊಬ್ಬನಿಂದ ಗುರುತಿಸುವದು ಹೇಗೆ? ಊರೊಳಗೆ ಇದ್ದವನಿಗೆ ಪಾಟೀಲ, ಕುಲಕರ್ಣಿ, ಬಡಿಗೇರ, ತಳವಾರ ಎಂದು ಕೆಲಸದ ಇಲ್ಲವೆ ಅಧಿಕಾರದ ಹೆಸರು. ಊರು ಬಿಟ್ಟವನಿಗೆ ಊರಿನ ಹೆಸರು. ಹೊಸ ಊರಿನ ಜನ “ಯಾವೂರವನಪ್ಪಾ ನೀನು?” ಎಂದು ಕೇಳಿದ ಪ್ರಶ್ನೆಗೆ ಯಾವನೋ ಒಬ್ಬ ಹಿರಿಯ ಕೊಟ್ಟ ಉತ್ತರವು ಮೊಮ್ಮಕ್ಕಳ ಕಾಲಕ್ಕೆ ಅಡ್ಡಹೆಸರಾಗಿರುತ್ತದೆ. ಹೀಗಾಗಿ ಊರಿನ ಅಡ್ಡಹೆಸರೆಂದರೆ ಒಂದು ವಲಸೆಯ ಗುರುತು. ಅದು ದಟ್ಟವಾಗಿ ಕಾಣುವದು ಮೂಲದ ಊರಿನಲ್ಲಲ್ಲ. ಸುತ್ತಲಿನ ಹತ್ತಿಪ್ಪತ್ತು ಹರದಾರಿಯ ಊರುಗಳಲ್ಲಿ ಮತ್ತು ಪೇಟೆಗಳಲ್ಲಿ.

ಇದಕ್ಕೆ ನಮ್ಮ ತಾಲೂಕಿನಲ್ಲಿಯೇ ಒಂದು ಒಳ್ಳೆಯ ನಿದರ್ಶನವುಂಟು. ಇಂಚಗೇರಿ ಸಂಪ್ರದಾಯವನ್ನು ಸ್ಥಾಪಿಸಿದ ಭಾವೂಸಾಹೇಬ ಮಹಾರಾಜರು 1843ರಲ್ಲಿ ಉಮದಿಯಲ್ಲಿ ಹುಟ್ಟಿದರು. ಅವರ ಮನೆತನ ದೇಶಪಾಂಡೆಯವರದು, ಅಂದರೆ ವತನದ ಹೆಸರು. ಅವರು ಇಂಚಗೇರಿಯಲ್ಲಿ ಮಠವನ್ನು ಕಟ್ಟಿಸಿದರು. 1914ರಲ್ಲಿ ಅಲ್ಲಿಯೇ ದೇಹವಿಟ್ಟರು. ಗುರುದೇವ ರಾನಡೆಯವರು ಅವರ ಶಿಷ್ಯರು. ಆ ಶಿಷ್ಯಪರಂಪರೆ ಎಲ್ಲೆಲ್ಲಿ ಹಬ್ಬಿತೋ ಅಲ್ಲೆಲ್ಲ ಅವರನ್ನು ಜನ ಕರೆದದ್ದು ‘ಉಮದೀಕರ ಮಹಾರಾಜ’ ಎಂದು. ದೇಶಪಾಂಡೆಯೆಂಬ ಹೆಸರು ಸಾವಿರಾರು ಮನೆತನಗಳಿಗೆ ಇದೆ, ಉಮದಿ ಒಂದೇ.

ಇನ್ನು ಜತ್ತದ ಅರಸರ ವಿಷಯವನ್ನು ನೋಡೋಣ. ಅವರ ಮೂಲದ ಅಡ್ಡಹೆಸರು ಚವ್ಹಾಣ. ಜತ್ತದ ಪಶ್ಚಿಮಕ್ಕಿರುವ ಡಫಳಾಪುರದ ಪಾಟೀಲಕಿ ಅವರದಾಗಿತ್ತು. ಬಿಜಾಪುರದ ಆದಿಲಶಾಹಿಯ ಕೊನೆಗಾಲದಲ್ಲಿ ಆ ಮನೆತನದ ಸಟವಾಜಿರಾವ ಎಂಬವನು ಜತ್ತ, ಕರಜಗಿ ಮೊದಲಾದ ಪರಗಣೆಗಳ ದೇಶಮುಖಿಯನ್ನು ಪಡೆದನು. ಡಫಳಾಪುರದ ಗೌಡಕಿಯಿಂದ ಜತ್ತದ ಗಾದಿಯವರೆಗೆ ಬಂದ ಈ ಮನೆತನವು ಚವ್ಹಾಣ ಎಂಬ ಹಳೆಯ ಹೆಸರನ್ನು ಹಿಂದೆ ಬಿಟ್ಟು ‘ಡಫಳೆ’ ಎಂದೇ ಪ್ರಸಿದ್ಧವಾಯಿತು. ಡಫಳಾಪುರದ ಚಿಕ್ಕ ಸಂಸ್ಥಾನವು 1917ರಲ್ಲಿ ಜತ್ತದೊಳಗೆ ಸೇರಿತು; ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದೊಳಗೆ ವಿಲೀನವಾಯಿತು. ರಾಜ್ಯ ಹೋಯಿತು, ಹೆಸರು ಉಳಿಯಿತು. ಊರಿನ ಹೆಸರು ಬಡವನ ಗುರುತೆಂದು ತಿಳಿದು ಹಿಂಜರಿಯುವ ಪಾಲಕರಿಗೆ ನಾವು ಈ ಕಥೆಯನ್ನು ಹೇಳುವದುಂಟು.

ಊರಿನ ಹೆಸರನ್ನು ಅಡ್ಡಹೆಸರು ಮಾಡಿಕೊಳ್ಳುವ ಬಗೆಯಲ್ಲಿ ಕನ್ನಡಕ್ಕೂ ಮರಾಠಿಗೂ ಭೇದವಿದೆ. ಮರಾಠಿಗರು ಊರಿನ ಮುಂದೆ ‘ಕರ’ವನ್ನು ಹಚ್ಚುತ್ತಾರೆ, ಕೆಲವೊಮ್ಮೆ ಏಕಾರವನ್ನು ಹಚ್ಚಿ ‘ವಿಜಾಪುರೆ’ ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದ ರೂಢಿಯಲ್ಲಿ ಯಾವ ಪ್ರತ್ಯಯವೂ ಬೇಡ; ಊರಿನ ಹೆಸರು ಬರಿದಾಗಿಯೇ ನಿಲ್ಲುತ್ತದೆ. ಸವಣೂರಿನಲ್ಲಿ ಹುಟ್ಟಿದ ಕವಿ ವಿನಾಯಕರು ಗೋಕಾಕರು. ಭೀಮಾತೀರದ ಹಲಸಂಗಿಯಲ್ಲಿ ಬಾಳಿದ ಮಧುರಚೆನ್ನರ ಮನೆತನದ ಹೆಸರು ಗಲಗಲಿ, ಅದು ಕೃಷ್ಣಾತೀರದ ಊರು. ‘ಕನ್ನಡ ನಾಮವಿಜ್ಞಾನ’ವೆಂಬ ಗ್ರಂಥವನ್ನು ಬರೆದ ಎಂ. ಎಂ. ಕಲಬುರ್ಗಿಯವರು ಸಿಂದಗಿ ತಾಲೂಕಿನವರು. ಹೆಸರುಗಳ ಶಾಸ್ತ್ರವನ್ನು ಬರೆದವರ ಹೆಸರೇ ಆ ಶಾಸ್ತ್ರಕ್ಕೆ ಉದಾಹರಣೆ! ಹಳೆಯ ಮೈಸೂರಿನವರ ರೀತಿ ಬೇರೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರಲ್ಲಿ ಕುಪ್ಪಳಿಯೂ, ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರಲ್ಲಿ ದೇವನಹಳ್ಳಿಯೂ ಮೊದಲ ಒಂದಕ್ಷರದಲ್ಲಿ ಅಡಗಿ ಕುಳಿತಿವೆ. ನಾವು ಊರನ್ನು ಹೆಸರಿನ ಕೊನೆಗೆ ಇಡುತ್ತೇವೆ, ಅವರು ತಲೆಗೆ ಇಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ‘ಕರ’ ಎಂದು ಕೊನೆಯಾದುದೆಲ್ಲ ಊರಿನ ಹೆಸರಲ್ಲ. ನಮ್ಮ ಭಾಗದಲ್ಲಿ ವಾಲೀಕಾರ ಎಂಬ ಮನೆತನಗಳು ಬಹಳ. ‘ವಾಲಿ’ ಎಂಬ ಊರು ಎಲ್ಲಿದೆಯೆಂದು ಒಬ್ಬ ಮರಾಠಿ ಶಿಕ್ಷಕ ಮಿತ್ರರು ನಮ್ಮನ್ನು ಒಮ್ಮೆ ಕೇಳಿದರು. ಅದು ಊರಲ್ಲ, ಓಲೆಕಾರ, ಅಂದರೆ ಊರಿಂದೂರಿಗೆ ಓಲೆಯನ್ನು ಒಯ್ಯುವ ಗ್ರಾಮಸೇವಕ. ಇದು ಕೆಲಸ ಮಾಡುವವನನ್ನು ಸೂಚಿಸುವ ಕನ್ನಡದ ‘ಕಾರ’. ದೀರ್ಘವನ್ನು ಹ್ರಸ್ವ ಮಾಡಿ ಕಾಗದದಲ್ಲಿ ‘ವಾಲೀಕರ’ ಎಂದು ಬರೆದ ಕೂಡಲೆ ಒಂದು ಉದ್ಯೋಗವು ಇಲ್ಲದ ಊರಾಗಿ ಮಾರ್ಪಡುತ್ತದೆ. ಇದ್ದ ಊರಾದರೂ ಒಂದೇ ಇರಬೇಕೆಂಬ ನಿಯಮವಿಲ್ಲ. ಕರಜಗಿ ನಮ್ಮ ತಾಲೂಕಿನಲ್ಲಿದೆ, ಅಫಜಲಪುರ ತಾಲೂಕಿನಲ್ಲಿದೆ, ಹಾವೇರಿಯ ಕಡೆಗೂ ಇದೆ. ಮೂವರು ಕರಜಗಿಯವರು ಒಂದು ಮದುವೆಯ ಚಪ್ಪರದಲ್ಲಿ ಕೂಡಿದರೆ ಬಳಗವೆಂದು ಅಪ್ಪಿಕೊಳ್ಳುವ ಮೊದಲು ಯಾವ ಕರಜಗಿಯೆಂದು ಕೇಳುವದು ಮೇಲು. ಜಾತಿಯೂ ಹಾಗೆಯೇ. ಒಂದೇ ಊರಿನಿಂದ ಲಿಂಗಾಯತನೂ ಹೊರಟಿದ್ದಾನೆ, ಕುರುಬನೂ ಹೊರಟಿದ್ದಾನೆ, ಮುಸಲ್ಮಾನನೂ ಹೊರಟಿದ್ದಾನೆ. ಹೊಸ ಊರಿನಲ್ಲಿ ಮೂವರಿಗೂ ದೊರೆತ ಹೆಸರು ಒಂದೇ. ಅಡ್ಡಹೆಸರನ್ನು ನೋಡಿ ಜಾತಿಯನ್ನು ನಿಶ್ಚಯಿಸುವ ವಧೂವರ ಮಧ್ಯಸ್ಥರು ಎಡವುವದು ಇಲ್ಲಿಯೇ.

ಈ ಹೆಸರುಗಳನ್ನು ದೂರ ಒಯ್ದದ್ದು ಮುಖ್ಯವಾಗಿ ಬರಗಾಲ. 1876-78ರ ಬರವು ಬಿಜಾಪುರದ ಸೀಮೆಯನ್ನು ಬರಿದು ಮಾಡಿತು. ಅದೇ ಕಾಲಕ್ಕೆ ಸೊಲ್ಲಾಪುರದಲ್ಲಿ ನೂಲಿನ ಗಿರಣಿಯು ಆರಂಭವಾದುದರಿಂದ ಹಸಿದ ಕೈಗಳಿಗೆ ಹೋಗಲು ಒಂದು ದಿಕ್ಕಾಯಿತು. 1972ರ ಬರದಲ್ಲಿ ನಮ್ಮ ತಾಲೂಕಿನಿಂದ ಜನ ಸಾಂಗಲಿ, ಮಿರಜ, ಇಚಲಕರಂಜಿಗಳಿಗೆ ಹೋದರು. ಕಬ್ಬಿನ ಸೀಮೆಗೆ ಹೋಗುವ ಗಾಡಿಗಳನ್ನು ನಾವು ಬಾಲ್ಯದಿಂದಲೂ ನೋಡುತ್ತ ಬಂದಿದ್ದೇವೆ. ಹೋದವರಲ್ಲಿ ತಿರುಗಿ ಬಂದವರಿಗೆ ಹಳೆಯ ಹೆಸರೇ ಉಳಿಯಿತು. ಅಲ್ಲಿಯೇ ನಿಂತವರ ಮಕ್ಕಳು ಶಾಲೆಯ ಪಟದಲ್ಲಿ ಬಹುಮಟ್ಟಿಗೆ ‘ಕರ’ರಾದರು.

ಬರಗಾಲದ ಜೊತೆಗೆ ನಾಟಕ ಕಂಪನಿ ಮತ್ತು ಚಿತ್ರಪಟಗಳೂ ಇದೇ ಕೆಲಸವನ್ನು ಮಾಡಿದವು. ಕುಂದಗೋಳದ ರಾಮಚಂದ್ರರು ಮರಾಠಿ ರಂಗಭೂಮಿಯಲ್ಲಿ ಕುಂದಗೋಳಕರರಾಗಿ, ಆ ಮೇಲೆ ಸವಾಯಿ ಗಂಧರ್ವರಾದರು. ಹುಬ್ಬಳ್ಳಿಯ ನೆರೆಯ ಅದರಗುಂಚಿಯ ರಾಜಮ್ಮ ಶಾಂತಾ ಹುಬಳೀಕರಳಾಗಿ 1939ರ ‘ಮಾಣೂಸ’ ಚಿತ್ರದಿಂದ ಮನೆಮಾತಾದಳು. ಬೀಳಗಿಯ ಅಮೀರಬಾಯಿಯ ಕಥೆ ಇನ್ನೂ ಸ್ವಾರಸ್ಯದ್ದು. ಮುಂಬಯಿಯಲ್ಲಿ ಆಕೆಗೆ ದೊರೆತದ್ದು ಬೀಳಗಿಯ ಹೆಸರಲ್ಲ, ಬಿಜಾಪುರದ್ದೂ ಅಲ್ಲ. ‘ಕರ್ನಾಟಕಿ’ ಎಂದು ನಾಡಿನ ಹೆಸರೇ ಅಡ್ಡಹೆಸರಾಯಿತು. ಊರು ಎಷ್ಟು ದೂರವಾಗುವದೋ ಹೆಸರು ಅಷ್ಟು ದೊಡ್ಡದಾಗುವದೆಂದು ತೋರುತ್ತದೆ. 1912ರಲ್ಲಿ ಬಾಂಕೀಪುರದ ಕಾಂಗ್ರೆಸ್ಸಿನ ಅಧ್ಯಕ್ಷರಾದ ರಘುನಾಥ ನರಸಿಂಹ ಮುಧೋಳಕರರು ಬಾಳಿದ್ದು ವರ್ಹಾಡದ ಅಮರಾವತಿಯಲ್ಲಿ. ನಮ್ಮ ಘಟಪ್ರಭೆಯ ಮುಧೋಳವು ಅಲ್ಲಿಯವರೆಗೂ ನಡೆದಿತ್ತು.

ಇಂಗ್ಲಿಷರಲ್ಲಿಯೂ ಊರಿನ ಅಡ್ಡಹೆಸರುಗಳು ವಿಪುಲವಾಗಿವೆಯೆಂಬುದು ನಮ್ಮ ವಾಚಕರಿಗೆ ಕೌತುಕದ ಸಂಗತಿಯಾದೀತು. ಹನ್ನೆರಡನೆಯ ಶತಮಾನದ ಕೊನೆಗೆ ಇಂಗ್ಲಂಡದ ಉತ್ತರ ಭಾಗದಲ್ಲಿ ವಿಲಿಯಂ ಎಂಬ ಒಬ್ಬ ಜಮೀನುದಾರನಿದ್ದನು. ತನ್ನ ಊರಿನಿಂದ ಅವನನ್ನು ಹರ್ಟಬರ್ನದ ವಿಲಿಯಂ ಎಂದು ಕರೆಯುತ್ತಿದ್ದರು. ಅವನು ಆ ಜಹಗೀರನ್ನು ಬಿಟ್ಟುಕೊಟ್ಟು ವಾಶಿಂಗ್ಟನ್ ಎಂಬ ಊರಿನ ಜಹಗೀರನ್ನು ತೆಗೆದುಕೊಂಡನು; ಅಂದಿನಿಂದ ವಾಶಿಂಗ್ಟನ್ನಿನ ವಿಲಿಯಂ ಆದನು. ಆ ಊರಿನ ಹೆಸರಿನ ಕೊನೆಯ ‘ಟನ್’ ಎಂಬುದು ನಮ್ಮ ‘ಊರು’, ‘ಹಳ್ಳಿ’ಗಳಂತೆ ವಸತಿಯನ್ನು ಸೂಚಿಸುವ ಹಳೆಯ ಮಾತು. ಆ ವಂಶದ ಒಬ್ಬನು ಹದಿನೇಳನೆಯ ಶತಮಾನದ ನಡುವೆ ಕಡಲು ದಾಟಿ ವರ್ಜೀನಿಯಕ್ಕೆ ಹೋದನು. ಅವನ ಮರಿಮಗನೇ ಅಮೇರಿಕೆಯ ಮೊದಲ ಅಧ್ಯಕ್ಷನಾದ ಜಾರ್ಜ್ ವಾಶಿಂಗ್ಟನ್. ಊರು ಮನುಷ್ಯನ ಹೆಸರಾಗಿ, ಆ ಮನುಷ್ಯನು ತಿರುಗಿ ರಾಜಧಾನಿಯ ಹೆಸರಾದನು.

ಇಂದು ಆ ಹೆಸರು ಯಾರಲ್ಲಿದೆ? 2000ನೆಯ ಇಸವಿಯ ಅಮೇರಿಕದ ಜನಗಣತಿಯಲ್ಲಿ ವಾಶಿಂಗ್ಟನ್ ಎಂಬ ಅಡ್ಡಹೆಸರಿನವರು ಸುಮಾರು 1 ಲಕ್ಷ 63 ಸಾವಿರ. ಅವರಲ್ಲಿ ನೂರಕ್ಕೆ 90 ಜನ ಕಪ್ಪು ಜನಾಂಗದವರು. 1865ರಲ್ಲಿ ಗುಲಾಮಗಿರಿ ಅಳಿದ ಮೇಲೆ ಬಿಡುಗಡೆ ಹೊಂದಿದ ಜನರಿಗೆ ಅಡ್ಡಹೆಸರು ಬೇಕಾಯಿತು. ಅವರಲ್ಲೊಬ್ಬ ಬಾಲಕ ಬೂಕರ್. ಶಾಲೆಗೆ ಹೋದ ಮೊದಲಲ್ಲಿ ಶಿಕ್ಷಕರು ಹಾಜರಿ ಕರೆಯುವಾಗ ಉಳಿದ ಮಕ್ಕಳಿಗೆಲ್ಲ ಎರಡೆರಡು ಹೆಸರು, ಇವನಿಗೆ ಒಂದೇ. ತನ್ನ ಸರದಿ ಬಂದಾಗ ಅವನು ಅಂಜದೆ “ಬೂಕರ್ ವಾಶಿಂಗ್ಟನ್” ಎಂದನು. ಮುಂದೆ ದೊಡ್ಡ ಶಿಕ್ಷಣತಜ್ಞನಾಗಿ ಈ ಸಂಗತಿಯನ್ನು ತನ್ನ ಆತ್ಮಚರಿತ್ರೆಯಲ್ಲಿ ತಾನೇ ಬರೆದಿದ್ದಾನೆ. ಇಂಗ್ಲಂಡದ ಆ ಹಳ್ಳಿಗೂ ಆ ಹುಡುಗನಿಗೂ ರಕ್ತಸಂಬಂಧವಿಲ್ಲ. ಹೆಸರು ಮಾತ್ರ ಅವನದೇ.

ನಮ್ಮ ನಾಡಿನಲ್ಲಿಯೂ ಶಾಲೆಯ ಪಟವು ಇಂಥ ಕಾರ್ಯವನ್ನು ಮಾಡಿದೆ. ಡಾಕ್ಟರ್ ಆಂಬೇಡಕರರ ಮನೆತನದ ಹೆಸರು ಸಕಪಾಳ. ಊರು ರತ್ನಾಗಿರಿ ಜಿಲ್ಲೆಯ ಆಂಬಡವೆ. ಊರಿನಿಂದ ಬಂದ ಆಂಬಡವೇಕರ ಎಂಬ ಹೆಸರು ಶಿಕ್ಷಕರೊಬ್ಬರ ಮೂಲಕ ಆಂಬೇಡಕರ ಆಯಿತೆಂದು ಅವರ ಚರಿತ್ರೆಕಾರರು ಬರೆದಿದ್ದಾರೆ. 1900ನೆಯ ಇಸವಿಯ ನವೆಂಬರ 7ರಂದು ಸಾತಾರೆಯ ಶಾಲೆಯ ರಜಿಸ್ಟರಿನಲ್ಲಿ ಅವರ ಹೆಸರು ದಾಖಲಾಯಿತು. ಮಹಾರಾಷ್ಟ್ರದಲ್ಲಿ ಆ ದಿನವನ್ನು ಈಗ ವಿದ್ಯಾರ್ಥಿ ದಿನವೆಂದು ಆಚರಿಸುತ್ತೇವೆ. ಪ್ರತಿವರ್ಷ ಆ ದಿನ ಮಕ್ಕಳ ಮುಂದೆ ಮಾತನಾಡುವಾಗ ನಮಗೆ ನಮ್ಮದೇ ಒಂದು ರಜಿಸ್ಟರು ನೆನಪಾಗುತ್ತದೆ.

ಸುಮಾರು ಇಪ್ಪತ್ತೆಂಟು ವರ್ಷಗಳ ಹಿಂದಿನ ಮಾತು. ಶಿಕ್ಷಕ ತರಬೇತಿಯನ್ನು ಮುಗಿಸಿ ನೌಕರಿಗೆ ಸೇರಿ ನಮಗಾಗ ಬಹಳ ದಿನಗಳಾಗಿರಲಿಲ್ಲ. ತಾಲೂಕಿನ ಕಚೇರಿಗೆ ಹೋಗುವ ಕಾಗದಗಳೆಲ್ಲ ಮರಾಠಿಯಲ್ಲಿ. ನಮ್ಮ ಕಣ್ಣಿಗೂ ಕೈಗೂ ಆ ಮಾದರಿ ಹಿಡಿದುಹೋಗಿತ್ತು. ಬಿಳೂರಿನಿಂದ ಬಂದು ನೆಲೆಸಿದ ಒಂದು ಮನೆತನದ ಹುಡುಗನನ್ನು ಒಂದನೆಯ ಇಯತ್ತೆಗೆ ಕರೆದುಕೊಂಡು ಬಂದರು. ‘ಬಿಳೂರ’ ಎಂದು ತಂದೆ ಹೇಳಿದನು. ಬರಿ ಊರಿನ ಹೆಸರು ಅಡ್ಡಹೆಸರಿನ ಕಾಲಮಿನಲ್ಲಿ ಅಪೂರ್ಣವಾಗಿ ಕಾಣುವದೆಂದು ಎಣಿಸಿ, ನಾವು ಸುಂದರವಾದ ಅಕ್ಷರಗಳಲ್ಲಿ ‘ಬಿಳೂರಕರ’ ಎಂದು ಬರೆದೆವು. ತಂದೆಗೆ ಓದು ಬರುತ್ತಿರಲಿಲ್ಲ. ನಮಸ್ಕಾರ ಮಾಡಿ ಹೋದನು.

ಹನ್ನೆರಡು ವರ್ಷಗಳ ತರುವಾಯ ಆ ಹುಡುಗ ಹೆಚ್ಚಿನ ಶಿಕ್ಷಣಕ್ಕೆ ಹೊರಟಾಗ ಜಾತಿಯ ಪ್ರಮಾಣಪತ್ರದ ಪರಿಶೀಲನೆ ಆಗಬೇಕಾಯಿತು. ಅದಕ್ಕೆ ಅಜ್ಜನ ಕಾಲದ ಕಾಗದಗಳು ಬೇಕು. ಅಜ್ಜನ ಶಾಲೆಯ ದಾಖಲೆಯಲ್ಲಿ ‘ಬಿಳೂರ’, ಜಮೀನಿನ ಉತಾರದಲ್ಲಿ ‘ಬಿಳೂರ’, ಗಡಿಯಾಚೆ ಅಥಣಿ ತಾಲೂಕಿನಲ್ಲಿರುವ ಕಾಕನ ಕಾಗದಗಳಲ್ಲಿ ‘ಬಿಳೂರ’, ಹುಡುಗನೊಬ್ಬನೇ ‘ಬಿಳೂರಕರ’. ಇವರಿಬ್ಬರೂ ಒಂದೇ ಮನೆತನದವರೆಂಬುದಕ್ಕೆ ಆಧಾರವೇನೆಂದು ಕಚೇರಿಯವರು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ನಾವು ಹಳೆಯ ರಜಿಸ್ಟರಿನ ನಕಲನ್ನು ತೆಗೆದುಕೊಂಡು ಅವನೊಡನೆ ಸಾಂಗಲಿಗೆ ನಾಲ್ಕು ಸಲ ಹೋದೆವು. ಬರೆದುಕೊಟ್ಟೆವು, ಸಹಿ ಮಾಡಿದೆವು. ಕೊನೆಗೆ ಪ್ರಮಾಣಪತ್ರ ಬಂದಿತು. ಆದರೆ ಅದು ಬರುವ ಹೊತ್ತಿಗೆ ಆ ವರ್ಷದ ಪ್ರವೇಶವು ಮುಗಿದುಹೋಗಿತ್ತು. ಹುಡುಗ ನಮಗೆ ಏನೂ ಅನ್ನಲಿಲ್ಲ. ಅವನ ತಾಯಿ ಮಾತ್ರ ಸಂತೆಯಲ್ಲಿ ಭೆಟ್ಟಿಯಾದಾಗ, “ಎರಡ ಅಕ್ಷರ ನೀವು ಹೆಚ್ಚಿಗಿ ಬರದ್ರಿ ಗುರುಗಳ, ನಮ್ಮ ಹುಡುಗಂದ ಒಂದ ವರ್ಷ ಹೋತು” ಎಂದಳು. ಆಕೆಯ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ನಾವು ಅಡ್ಡಹೆಸರನ್ನು ಬರೆಯುವ ಮೊದಲು ತಂದೆಯ ಶಾಲೆ ಬಿಟ್ಟ ದಾಖಲೆಯನ್ನು ಕೇಳುತ್ತೇವೆ. ಅದಿಲ್ಲದಿದ್ದರೆ ಅಜ್ಜನ ಉತಾರವನ್ನು ತರಿಸುತ್ತೇವೆ. ಗಡಿಯಾಚೆಯ ಬಂಧುಗಳ ಕಾಗದದಲ್ಲಿ ಏನಿದೆಯೆಂದು ವಿಚಾರಿಸುತ್ತೇವೆ. ಬರೆದುದನ್ನು ಗಟ್ಟಿಯಾಗಿ ಎರಡು ಸಲ ಓದಿ ಹೇಳುತ್ತೇವೆ. ಹಿಂದೆ ನಿಂತ ಪಾಲಕರು ಬೇಸರಪಡುವದುಂಟು, ಪಡಲಿ.

ಈ ಜೂನಿನಲ್ಲಿ ಅದೇ ಹುಡುಗ ತನ್ನ ಮಗಳನ್ನು ಕರೆದುಕೊಂಡು ನಮ್ಮ ಮೇಜಿನ ಮುಂದೆ ನಿಂತನು. ಈಗ ಮಿರಜದ ಒಂದು ಕಾರಖಾನೆಯಲ್ಲಿ ದುಡಿಯುತ್ತಾನೆ. ತಾಯಿಯ ಬಳಿ ಮಗಳು ಕನ್ನಡ ಶಾಲೆ ಕಲಿಯಲೆಂದು ಊರಲ್ಲಿ ಬಿಟ್ಟಿದ್ದಾನೆ. ರಾಜಪತ್ರದಲ್ಲಿ ಪ್ರಕಟಿಸಿ ಹಳೆಯ ಹೆಸರಿಗೆ ತಿರುಗಿ ಹೋಗಬಹುದೆಂದೂ, ಅದಕ್ಕೆ ಬೇಕಾದ ಅರ್ಜಿಯನ್ನು ನಾವೇ ಬರೆದುಕೊಡುತ್ತೇವೆಂದೂ ಹೇಳಿದೆವು. ಅವನು ನಕ್ಕು, “ಬ್ಯಾಡ್ರಿ ಸರ್, ಆಧಾರ, ರೇಶನ್ನು, ಬ್ಯಾಂಕು ಎಲ್ಲಾ ಇದರ ಮ್ಯಾಲ ಆಗ್ಯಾವ. ಹಿಂಗ ಇರ್ಲಿ” ಎಂದನು. ಮಗುವನ್ನು ಹೆಸರು ಕೇಳಿದೆವು. ತನ್ನ ಹೆಸರು, ಅಪ್ಪನ ಹೆಸರು, ಕೊನೆಗೆ ‘ಬಿಳೂರಕರ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಅಜ್ಜಿಯ ಸೆರಗಿನ ಮರೆಗೆ ಹೋಯಿತು. ಅಜ್ಜಿ ನಮ್ಮತ್ತ ನೋಡಲಿಲ್ಲ. ಅದನ್ನೇ ಬರೆದುಕೊಂಡೆವು.