ಅಕ್ಕಡಿ ತಪ್ಪಿದ ಹೊಲ, ಅವರೆ ತಪ್ಪಿದ ಒಲೆ

2024ರ ಡಿಸೆಂಬರ್ ಮೊದಲ ವಾರದಲ್ಲಿ ಮಾಗಡಿ ತಾಲ್ಲೂಕಿನ ಒಂದು ಹಳ್ಳಿಗೆ ರಾಗಿ ಬೆಳೆ ಕಟಾವು ಪ್ರಯೋಗಕ್ಕೆಂದು ಹೋಗಿದ್ದೆ. ಅಳತೆ, ತೂಕ ಎಲ್ಲ ಮುಗಿಯುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬಂದಿದ್ದ. ಹೊಲದ ಯಜಮಾನರು ಬಿಡಲಿಲ್ಲ. ಊಟ ಮಾಡಿಕೊಂಡೇ ಹೋಗಬೇಕೆಂದು ಮನೆಗೆ ಕರೆದೊಯ್ದರು. ಬಿಸಿ ರಾಗಿಮುದ್ದೆ, ಹುರುಳಿ ಬಸ್ಸಾರು, ಬಸಿದ ಕಾಳಿನ ಪಲ್ಯ, ಹುಚ್ಚೆಳ್ಳು ಚಟ್ನಿಪುಡಿ. ಊಟ ಬಲು ರುಚಿಯಾಗಿತ್ತು. ಆದರೆ ಮಾಗಡಿ ಸೀಮೆಯಲ್ಲಿ, ಅದೂ ಸೊಗಡಿನ ಅವರೆಕಾಯಿ ಬರುವ ಕಾಲದಲ್ಲಿ, ರೈತರ ಮನೆಯಲ್ಲಿ ಅವರೆಸಾರು ಇಲ್ಲವೆಂದರೆ ಹೇಗೆ? ತಡೆಯಲಾರದೆ ಕೇಳಿಬಿಟ್ಟೆ.

ಬಡಿಸುತ್ತಿದ್ದ ಗೃಹಿಣಿ ಹೇಳಿದರು: “ಅವರೆ ಎಲ್ಲಿಂದ ಬರ್ಬೇಕು ಸಾರ್? ಅಕ್ಕಡಿ ಬಿಟ್ಟು ಬರೀ ರಾಗಿ ಹಾಕಿ, ಕಳೆಗೆ ಔಷಧಿ ಹೊಡೀರಿ ಅಂತ ನೀವೇ ಬಂದು ಹೇಳಿದ್ರಲ್ಲ. ಈ ಹುರುಳೀನೂ ಅಂಗಡೀದೇ.”

ಬಾಯಲ್ಲಿದ್ದ ತುತ್ತು ಗಂಟಲಲ್ಲೇ ನಿಂತಿತು. ಆಕೆ ಹೇಳಿದ್ದು ನಿಜ. ಕೆಲವು ವರ್ಷಗಳ ಹಿಂದೆ ಅದೇ ಊರಿನ ಅರಳಿಕಟ್ಟೆಯ ಮೇಲೆ ಕುಳಿತು, ಕಳೆ ತೆಗೆಯಲು ಆಳು ಸಿಗುವುದಿಲ್ಲವೆಂದು ರೈತರು ಹೇಳಿಕೊಂಡಾಗ, ರಾಗಿಯಲ್ಲಿ 2,4-ಡಿ ಕಳೆನಾಶಕ ಬಳಸುವ ಕ್ರಮವನ್ನು ನಾನೇ ವಿವರಿಸಿದ್ದೆ. ಶಿಫಾರಸು ತಪ್ಪಲ್ಲ. ಈ ಔಷಧಿ ಅಗಲ ಎಲೆಯ ಕಳೆಗಳನ್ನು ಕೊಲ್ಲುತ್ತದೆ, ಹುಲ್ಲಿನ ಜಾತಿಗೆ ಸೇರಿದ ರಾಗಿಯನ್ನು ಉಳಿಸುತ್ತದೆ. ಆದರೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಇವೆಲ್ಲವೂ ಅಗಲ ಎಲೆಯ ಬೆಳೆಗಳೇ. ಔಷಧಿಗೆ ಕಳೆ ಯಾವುದು, ಅಕ್ಕಡಿ ಯಾವುದು ಎಂಬ ಭೇದ ತಿಳಿಯದು. ಈ ಮಾತನ್ನು ಅಂದು ಒತ್ತಿ ಹೇಳದಿದ್ದುದು ನನ್ನ ತಪ್ಪು.

ಹಾಲಿಲ್ಲದ ಮನೆ

ಆಮೇಲೆ ಮೂರು ನಾಲ್ಕು ಸಲ ಆ ಮನೆಗೆ ಹೋಗಿದ್ದೇನೆ. ಆ ಮನೆಯಲ್ಲಿ ಮಾಂಸ, ಮೊಟ್ಟೆ ಮೊದಲಿನಿಂದಲೂ ಇಲ್ಲ. 2023ರ ಬರದಲ್ಲಿ ಮೇವು ಸಾಲದೆ ಎರಡು ಹಸುಗಳನ್ನೂ ಮಾರಿದರು. ಅಂದಿನಿಂದ ಹಾಲು, ಮೊಸರು, ತುಪ್ಪವೂ ನಿಂತವು. ಚಿಕ್ಕ ಮೊಮ್ಮಗನಿಗೆ ಮಾತ್ರ ಡೈರಿಯಿಂದ ಕಾಲು ಲೀಟರ್ ತರುತ್ತಾರೆ. ಉಳಿದ ಐದು ಜನರ ಊಟ ಪೂರ್ತಿಯಾಗಿ ಗಿಡಬಳ್ಳಿಗಳ ಮೇಲೆಯೇ ನಿಂತಿದೆ. ಪಟ್ಟಣದಲ್ಲಿ ಇಂತಹ ಊಟವನ್ನು ಕೆಲವರು ವ್ರತದಂತೆ ಹಿಡಿಯುತ್ತಿದ್ದಾರೆಂದು ಕೇಳಿದ್ದೇನೆ. ಈಕೆಗೆ ಅದು ವ್ರತವಲ್ಲ, ಮನೆಯಲ್ಲಿ ಇರುವುದರಲ್ಲಿ ಸಂಸಾರ ತೂಗಿಸುವ ಕೆಲಸ.

ಬೆಳಗಿನ ಐದಕ್ಕೆ ಒಲೆ ಹೊತ್ತುತ್ತದೆ. ಗ್ಯಾಸ್ ಒಲೆ ಇದ್ದರೂ ಮುದ್ದೆಗೆ ಸೌದೆ ಒಲೆಯೇ ಬೇಕು. ಗ್ಯಾಸಿನ ಮೇಲೆ ಪಾತ್ರೆ ಕಾಲಲ್ಲಿ ಒತ್ತಿ ಹಿಡಿದು ಕೋಲಾಡಿಸಲು ಆಗುವುದಿಲ್ಲವಂತೆ. ಹಾಲಿಲ್ಲದ ಬೆಲ್ಲದ ಕಾಫಿ. ರಾತ್ರಿ ಉಳಿದ ಮುದ್ದೆಯನ್ನು ನೀರಿನಲ್ಲಿ ಕಿವುಚಿ, ಉಪ್ಪು, ಜಜ್ಜಿದ ಈರುಳ್ಳಿ, ಮಜ್ಜಿಗೆಯ ಬದಲು ಅರ್ಧ ನಿಂಬೆಹಣ್ಣು ಹಿಂಡಿದರೆ ಬೆಳಗಿನ ಊಟವಾಯಿತು. ಹಸು ಹೋದಮೇಲೆ ತಮಗೆ ಬಾಧಿಸಿದ್ದು ಹಾಲೂ ಅಲ್ಲ, ತುಪ್ಪವೂ ಅಲ್ಲ, ಮಜ್ಜಿಗೆ ಎಂದು ಆಕೆ ಹೇಳಿದರು. ಹಬ್ಬಕ್ಕೆ ತೆಂಗಿನಕಾಯಿ ಹಾಲಿನ ಗಸಗಸೆ ಪಾಯಸ ಮಾಡುತ್ತಾರೆ. ಅದಕ್ಕೆ ಹಿಂದೆಯೂ ಹಸುವಿನ ಹಾಲು ಬೇಕಿರಲಿಲ್ಲ.

ಆಕೆಗೆ ಎಲ್ಲಕ್ಕಿಂತ ಇಷ್ಟವಾದುದು ಉಪ್ಪುಸಾರು. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿಗೆ ಉಪ್ಪು ಹಾಕಿ, ಪಕ್ಕದಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಅರೆದ ಖಾರ ಇಟ್ಟುಕೊಂಡರೆ ಬೇರೇನೂ ಬೇಡವಂತೆ. ಖಾರ ಅರೆಯುವುದು ತವರಿನಿಂದ ಬಂದ ಒರಳಿನಲ್ಲೇ. ಮಿಕ್ಸಿ ಸೊಸೆಯದು, ಅತ್ತೆ ಅದನ್ನು ಮುಟ್ಟುವುದಿಲ್ಲ, ಸೊಸೆ ಒರಳನ್ನು ಮುಟ್ಟುವುದಿಲ್ಲ!

ಬೆರಕೆ ಸೊಪ್ಪು

ಕಳೆದ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಆಕೆಯ ಜೊತೆ ಬದುವಿನ ಮೇಲೆ ನಡೆದೆ. ಮಡಿಲಿಗೆ ಹಾಕಿಕೊಂಡದ್ದು ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನೆ, ಕನ್ನೆ, ಮುಳ್ಳುದಂಟಿನ ಕುಡಿ, ಬೇಲಿಯ ನುಗ್ಗೆ. ಒಂದೊಂದೂ ಹಿಡಿಯಷ್ಟೇ. ಇದೇ ನಮ್ಮ ಕಡೆಯ ಬೆರಕೆ ಸೊಪ್ಪು. ಪದವಿ ತರಗತಿಯಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ನಾನು ಕಳೆಗಳ ಪಟ್ಟಿಯಲ್ಲಿ ಓದಿದ್ದೆ.

ತಮ್ಮ ರಾಗಿ ಹೊಲದ ಅಂಚಿಗೆ ಬಂದಾಗ ಆಕೆ ಬಗ್ಗಲಿಲ್ಲ. ಎಲೆ ಮುರುಟಿ, ಕಾಂಡ ತಿರುಚಿಕೊಂಡಿದ್ದ ಒಂದು ಅಣ್ಣೆ ಗಿಡ ತೋರಿಸಿ, “ಇದು ಔಷಧಿ ಕುಡಿದದ್ದು ಸಾರ್” ಎಂದರು. ಅದು 2,4-ಡಿಯ ನಿಜವಾದ ಗುರುತು. ಆದರೆ ಸಿಂಪಡಿಸಿದ ದಿನವೇ ಎಲೆ ಮುರುಟುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ನೋಡಲು ಹಸಿರಾಗಿದ್ದರೂ ಔಷಧಿ ಬಿದ್ದ ಹೊಲದ, ಅದರ ಬದುವಿನ ಸೊಪ್ಪನ್ನು ಆ ಹಂಗಾಮಿನಲ್ಲಿ ಕೊಯ್ಯಬಾರದು. ಔಷಧಿ ಹೊಡೆದವರು ಮನೆಯ ಹೆಂಗಸರಿಗೂ, ನೆರೆಯವರಿಗೂ ಅಂದೇ ತಿಳಿಸಬೇಕು. ಸೊಪ್ಪಿಗೆ ಹೋಗುವವರು ಹೆಂಗಸರು, ಪಂಪು ಹೊರುವವರು ಗಂಡಸರು. ಇಬ್ಬರ ನಡುವೆ ಈ ಮಾತು ಆಡುವುದೇ ಕಡಿಮೆ.

ಮುದ್ದೆಗೆ ಕಾಳು ಏಕೆ ಬೇಕು?

ರಾಗಿಯಲ್ಲಿ ಸುಣ್ಣದ ಅಂಶ ಹೇರಳ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂಗೂ ಮೇಲ್ಪಟ್ಟು ಇರುತ್ತದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ. ಆದರೆ ರಾಗಿಯ ಸಸಾರಜನಕ ಶೇಕಡ 7ರ ಆಸುಪಾಸು ಮಾತ್ರ, ಅದರಲ್ಲಿಯೂ ಲೈಸಿನ್ ಎಂಬ ಅಂಶ ಕೊರತೆ. ಅವರೆ, ಹುರುಳಿ, ತೊಗರಿ, ಅಲಸಂದೆಗಳಲ್ಲಿ ಸಸಾರಜನಕ ಶೇಕಡ 20ಕ್ಕೂ ಹೆಚ್ಚು. ಲೈಸಿನ್ ಕೂಡ ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಮಿಥಿಯೊನಿನ್ ರಾಗಿಯಲ್ಲಿ ಚೆನ್ನಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಲು ಮೊಟ್ಟೆ ಇಲ್ಲದ ಮನೆಯಲ್ಲಿ ಕಾಳೂ ತಪ್ಪಿದರೆ ತುಂಬುವುದು ಹೊಟ್ಟೆ ಮಾತ್ರ. ಬೇಳೆಯ ಬೆಲೆ ಏರಿದ ತಿಂಗಳಲ್ಲಿ ಸಾರು ನೀರಾಗುತ್ತದೆಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ತೆಳುಸಾರು ಮೊದಲು ಸೇರುವುದು ಯಾರ ತಟ್ಟೆಗೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹುರುಳಿಯನ್ನು ಆಕೆ ಮೊಳಕೆ ಕಟ್ಟಿಯೇ ಬಳಸುತ್ತಾರೆ. ಇದರಿಂದ ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಸುಲಭ. ಊಟದ ಜೊತೆ ನಿಂಬೆ, ನೆಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಊಟವಾದ ಕೂಡಲೆ ಕಾಫಿ ಟೀ ಕುಡಿಯುವುದನ್ನು ಬಿಡಬೇಕು. ಅದು ಕಬ್ಬಿಣವನ್ನು ತಡೆಯುತ್ತದೆ. ಈ ಮಾತು ಆ ಮನೆಯಲ್ಲಿ ಇನ್ನೂ ನಡೆದಿಲ್ಲ.

ಇನ್ನೊಂದು ವಿಷಯವನ್ನು ಮರೆಮಾಚಬಾರದು. ಹಸು ಮಾರಿದ ಮೇಲಿನ ಎರಡನೆಯ ವರ್ಷ ಆಕೆಗೆ ಪಾದ ಜೋಮು ಹಿಡಿಯುವುದು, ವಿಪರೀತ ಸುಸ್ತು ಶುರುವಾಯಿತು. ವಯಸ್ಸಿನ ದೋಷವೆಂದು ಆರು ತಿಂಗಳು ಸುಮ್ಮನಿದ್ದರು. ಕೊನೆಗೆ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಬಿ-12 ಜೀವಸತ್ವ ಕಡಿಮೆಯಿದೆಯೆಂದು ಚುಚ್ಚುಮದ್ದು, ಅನಂತರ ಮಾತ್ರೆ ಕೊಟ್ಟರು. ಈಗ ಗುಣಮುಖರಾಗಿದ್ದಾರೆ. ಈ ಜೀವಸತ್ವ ಸೊಪ್ಪು, ಕಾಳು, ರಾಗಿಗಳಲ್ಲಿ ಇಲ್ಲ. ಹುಳಿಸಿದ ಅಂಬಲಿಯನ್ನು ನಂಬಿಕೊಂಡೂ ಕೂರುವಂತಿಲ್ಲ. ಹಾಲು, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟದವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳುವುದು ಅವಶ್ಯ. ಬಸುರಿ, ಬಾಣಂತಿಯರಂತೂ ತಡಮಾಡಕೂಡದು.

ಒಂದು ಎಕರೆಯಲ್ಲಿ ಅಕ್ಕಡಿ

ಕಳೆದ ಮುಂಗಾರಿಗೆ ಮುಂಚೆ ಯಜಮಾನರ ಜೊತೆ ಕುಳಿತು ಲೆಕ್ಕ ಹಾಕಿದೆವು. ಇರುವ ಎರಡು ಎಕರೆಯಲ್ಲಿ ಒಂದು ಎಕರೆ ಬರೀ ರಾಗಿ, ಬೇಕಾದರೆ ಔಷಧಿ. ಮನೆಯ ಹತ್ತಿರದ ಇನ್ನೊಂದು ಎಕರೆಯಲ್ಲಿ ಔಷಧಿ ಇಲ್ಲ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ. ತೊಗರಿ ಹಾಕುವವರು ಎಂಟರಿಂದ ಹತ್ತು ಸಾಲಿಗೆ ಎರಡು ಸಾಲು ಬಿಡಬಹುದು. ಅಂಚಿಗೆ ಹುಚ್ಚೆಳ್ಳು. ಪುನರ್ವಸು ಮಳೆಯ ಹದದಲ್ಲಿ ಕೂರಿಗೆ ಹೂಡಿ, ಹಿಂದೆ ಸಡ್ಡೆ ಹಿಡಿದು ಅಕ್ಕಡಿ ಬಿಟ್ಟರು. ನಾಟಿ ಅವರೆ ಹಗಲು ಮೋಟಾಗುವ ಕಾಲಕ್ಕೇ ಹೂ ಕಟ್ಟುವುದರಿಂದ ರಾಗಿ ಕೊಯ್ಲಾಗುತ್ತಿದ್ದಂತೆ ಹೊಲವೆಲ್ಲ ಅದರದ್ದಾಗುತ್ತದೆ.

ಎಲ್ಲವೂ ಸುಸೂತ್ರವಾಗಲಿಲ್ಲ. ಸಾಲಿನ ನಡುವೆ ಎರಡು ಸಲ ಎಡೆಕುಂಟೆ ಹೊಡೆದರೂ ಬುಡದ ಕಳೆಯನ್ನು ಕೈಯಲ್ಲೇ ತೆಗೆಯಬೇಕಾಯಿತು. ಆಳು ಸಿಗದೆ ಅತ್ತೆ ಸೊಸೆ ಇಬ್ಬರೇ ಹನ್ನೊಂದು ದಿನ ಬಗ್ಗಿದರು. ರಾಗಿ ಆ ಎಕರೆಯಲ್ಲಿ ಸ್ವಲ್ಪ ಕಡಿಮೆಯೇ ಬಂತು. ಬರುವ ವರ್ಷ ಒಂದು ಎಕರೆ ಬೇಡ, ಇಪ್ಪತ್ತು ಗುಂಟೆ ಸಾಕು ಎಂದು ಸೊಸೆ ಹೇಳಿದ್ದಾಳೆ. ಅವಳ ಮಾತಿನಲ್ಲಿಯೂ ನ್ಯಾಯವಿದೆ. ಕಳೆಯ ಕೂಲಿಯನ್ನು ಹೆಂಗಸರ ಬೆನ್ನಿಗೆ ಕಟ್ಟಿ ಗಂಡಸರು ಅಕ್ಕಡಿಯ ಗುಣಗಾನ ಮಾಡುವುದು ತರವಲ್ಲ. ಕುಂಟೆ ಹೊಡೆಯುವ ದಿನ ತಾವೂ ಸಾಲಿಗಿಳಿಯುವುದಾಗಿ ಯಜಮಾನರು ನನ್ನೆದುರಿಗೆ ಒಪ್ಪಿದ್ದಾರೆ.

ಅವರೆ ಕಾಲದಲ್ಲಿ ಮತ್ತೆ ಹೋದಾಗ ಹಜಾರದಲ್ಲಿ ಕಾಯಿಯ ರಾಶಿ ಬಿದ್ದಿತ್ತು. ನೆನೆಸಿದ ಕಾಳನ್ನು ಅತ್ತೆ ಸೊಸೆ ಎದುರುಬದುರು ಕುಳಿತು ಹಿತಕುತ್ತಿದ್ದರು. ಊಟಕ್ಕೆ ಮುದ್ದೆ, ಹಿತಕಿದ ಬೇಳೆ ಸಾರು. ಹೊರಡುವಾಗ ಆಕೆ ಬೂದಿ ಬೆರೆಸಿಟ್ಟಿದ್ದ ಮಡಕೆಯಿಂದ ಎರಡು ಬೊಗಸೆ ಬೀಜದವರೆ ತೆಗೆದು ನನ್ನ ಚೀಲಕ್ಕೆ ಸುರಿದರು. “ಪಕ್ಕದೂರಲ್ಲಿ ಯಾರಾದ್ರೂ ಕೇಳಿದ್ರೆ ಕೊಡಿ ಸಾರ್. ಔಷಧಿ ಹೊಡೆಯೋರಿಗೆ ಕೊಡಬೇಡಿ” ಎಂದರು.