ಕರ್ಷಣ ಸಾಮರ್ಥ್ಯ

ಕರ್ಷಣ ಸಾಮರ್ಥ್ಯ ಎಂದರೆ ಒಂದು ವಸ್ತುವನ್ನು ಎರಡು ಕಡೆಯಿಂದ ಎಳೆದಾಗ, ತುಂಡಾಗುವ ಮೊದಲು ಅದು ತಡೆದುಕೊಳ್ಳಬಲ್ಲ ಗರಿಷ್ಠ ಬಲ. ಇದನ್ನು ವಸ್ತುವಿನ ಮೂಲ ಅಡ್ಡಕೊಯ್ತದ ಏಕಮಾನ ವಿಸ್ತೀರ್ಣಕ್ಕೆ ಲೆಕ್ಕ ಹಾಕಲಾಗುತ್ತದೆ. ಇದರ ಮಾನ ಮೆಗಾಪಾಸ್ಕಲ್. ಒಂದು ಚದರ ಮಿಲಿಮೀಟರ್ ಮೇಲೆ ಒಂದು ನ್ಯೂಟನ್ ಬಲ ಬಿದ್ದರೆ ಅದು ಒಂದು ಮೆಗಾಪಾಸ್ಕಲ್. 410 ಮೆಗಾಪಾಸ್ಕಲ್ ಸಾಮರ್ಥ್ಯದ ಉಕ್ಕಿನಲ್ಲಿ ಮಾಡಿದ, ಒಂದು ಚದರ ಮಿಲಿಮೀಟರ್ ದಪ್ಪದ ತಂತಿಯು ಸುಮಾರು 42 ಕಿಲೋಗ್ರಾಂ ತೂಕದವರೆಗೆ ತಡೆಯುತ್ತದೆ.

ಪರೀಕ್ಷೆ

ನಿಗದಿತ ಅಳತೆಯ ಮಾದರಿಯನ್ನು ಪರೀಕ್ಷಾ ಯಂತ್ರದ ಹಿಡಿಕೆಗಳಲ್ಲಿ ಸಿಕ್ಕಿಸಿ ನಿಧಾನವಾಗಿ ಎಳೆಯಲಾಗುತ್ತದೆ. ಮೆದು ಉಕ್ಕು ಮೊದಲು ರಬ್ಬರಿನಂತೆ ಹಿಗ್ಗುತ್ತದೆ. ಬಲ ತೆಗೆದರೆ ಮೂಲ ಉದ್ದಕ್ಕೆ ಮರಳುತ್ತದೆ. ಮಣಿಯುವ ಹಂತವನ್ನು ದಾಟಿದ ಮೇಲೆ ಅದರ ಹಿಗ್ಗು ಶಾಶ್ವತವಾಗುತ್ತದೆ. ಬಲ ಗರಿಷ್ಠ ಮಟ್ಟ ಮುಟ್ಟಿದ ನಂತರ ಮಾದರಿಯ ಒಂದು ಭಾಗ ಕತ್ತಿನಂತೆ ಸಣ್ಣಗಾಗಿ ಅಲ್ಲಿಯೇ ತುಂಡಾಗುತ್ತದೆ. ಎರಕದ ಕಬ್ಬಿಣ, ಕಲ್ಲು, ಕಾಂಕ್ರೀಟ್ ಮುಂತಾದ ಬಿರುಸು ವಸ್ತುಗಳು ಇಂತಹ ಮುನ್ಸೂಚನೆ ಕೊಡದೆ ಒಮ್ಮೆಲೇ ಒಡೆಯುತ್ತವೆ.

ಸಾಮಾನ್ಯ ವಸ್ತುಗಳ ಕರ್ಷಣ ಸಾಮರ್ಥ್ಯ (ಸುಮಾರು, ಮೆಗಾಪಾಸ್ಕಲ್‌ಗಳಲ್ಲಿ)

- ಕಾಂಕ್ರೀಟ್: 2–5
- ಗ್ರಾನೈಟ್: 7–25
- ನೈಲಾನ್: 70–80
- ಮೆದುಗೊಳಿಸಿದ ತಾಮ್ರ: 210–220
- ಬೂದು ಎರಕದ ಕಬ್ಬಿಣ: 150–400
- ಶಾಖೋಪಚಾರ ಪಡೆದ ಅಲ್ಯೂಮಿನಿಯಂ ಮಿಶ್ರಲೋಹ (6061): 310
- ರಚನಾ ಉಕ್ಕು: 410
- ಕಾಂಕ್ರೀಟಿಗೆ ಬಳಸುವ ಎಫ್‌ಇ 500 ಸರಳು: ಕನಿಷ್ಠ 545
- ಪೂರ್ವಪ್ರತಿಬಲಿತ ಕಾಂಕ್ರೀಟಿನ ತಂತಿ: 1,500–1,900

ಕೊಪ್ಪಳ ಜಿಲ್ಲೆಯ ಹಿಟ್ನಾಳದ ಆಸುಪಾಸಿನಲ್ಲಿ, ಗಿಣಿಗೇರಾ ಮತ್ತು ಬೇವಿನಹಳ್ಳಿಯ ಕಾರ್ಖಾನೆಗಳಲ್ಲಿ, ಬೀಡುಕಬ್ಬಿಣ, ಎರಕದ ಭಾಗಗಳು ಹಾಗೂ ಮಿಶ್ರಲೋಹ ಉಕ್ಕು ತಯಾರಾಗುತ್ತವೆ. ಮೂಲ ಲೋಹ ಒಂದೇ ಆದರೂ ಇಂಗಾಲದ ಪ್ರಮಾಣ ಮತ್ತು ಅದು ಲೋಹದೊಳಗೆ ಇರುವ ರೂಪ ಬದಲಾದಂತೆ ಸಾಮರ್ಥ್ಯವೂ ಬದಲಾಗುತ್ತದೆ. ಬೂದು ಎರಕದಲ್ಲಿ ಇಂಗಾಲವು ಗ್ರಾಫೈಟ್ ಪದರಗಳಾಗಿ ಹರಡಿರುತ್ತದೆ. ಎಳೆದಾಗ ಈ ಪದರಗಳೇ ಬಿರುಕಿನಂತೆ ವರ್ತಿಸುವುದರಿಂದ ಅದು ಒತ್ತುವಿಕೆಯನ್ನು ತಡೆದಷ್ಟು ಎಳೆತವನ್ನು ತಡೆಯದು.

ಕಲ್ಲಿನ ಕಟ್ಟಡಗಳು

ಗ್ರಾನೈಟ್ ಒತ್ತುವಿಕೆಯಲ್ಲಿ 100 ಮೆಗಾಪಾಸ್ಕಲ್‌ಗಿಂತ ಹೆಚ್ಚು ತಡೆಯುತ್ತದೆ, ಎಳೆತದಲ್ಲಿ ಅದರ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಕಂಬಗಳ ಮೇಲೆ ಅಡ್ಡಲಾಗಿ ಇಟ್ಟ ತೊಲೆಯು ಭಾರಕ್ಕೆ ಬಾಗುವಾಗ ಅದರ ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಆದ್ದರಿಂದ ಕಲ್ಲಿನ ತೊಲೆ ಉದ್ದವಾದಷ್ಟೂ ಕೆಳಗಿನಿಂದ ಬಿರಿಯುವ ಅಪಾಯ ಹೆಚ್ಚು. ಆನೆಗೊಂದಿ ಮತ್ತು ಹಂಪಿಯ ಮಂಟಪಗಳಲ್ಲಿ ಕಂಬಗಳು ಹತ್ತಿರ ಹತ್ತಿರ ನಿಂತಿರುವುದು ಈ ಮಿತಿಗೆ ಹೊಂದುತ್ತದೆ. ಇಂದಿನ ಕಾಂಕ್ರೀಟ್ ತೊಲೆಗಳಲ್ಲಿ ಎಳೆತ ಬೀಳುವ ಕೆಳಭಾಗದಲ್ಲಿ ಉಕ್ಕಿನ ಸರಳುಗಳನ್ನು ಇಡುವುದೂ ಇದೇ ಕಾರಣಕ್ಕೆ.

ತುಂಗಭದ್ರಾ ಜಲಾಶಯದ 19ನೇ ಗೇಟು

ಹಿಟ್ನಾಳದ ಸಮೀಪ, ಮುನಿರಾಬಾದ್ ಮತ್ತು ಹೊಸಪೇಟೆಯ ನಡುವೆ ಇರುವ ತುಂಗಭದ್ರಾ ಅಣೆಕಟ್ಟು ಕಲ್ಲುಗಾರೆಯ ಭಾರಾಶ್ರಿತ ಅಣೆಕಟ್ಟು. ನೀರಿನ ಒತ್ತಡವನ್ನು ಅದು ತನ್ನ ತೂಕದಿಂದಲೇ ಎದುರಿಸುತ್ತದೆ. ಕಲ್ಲಿನಲ್ಲಿ ಎಳೆತ ಹುಟ್ಟದಂತೆ ಇಂತಹ ಅಣೆಕಟ್ಟುಗಳನ್ನು ವಿನ್ಯಾಸಗೊಳಿಸಲಾಗುತ್ತದೆ. ಆದರೆ ಅದರ 33 ಕ್ರೆಸ್ಟ್ ಗೇಟುಗಳನ್ನು ಎತ್ತುವ ಸರಪಳಿಗಳು ಪೂರ್ತಿಯಾಗಿ ಎಳೆತವನ್ನೇ ಅವಲಂಬಿಸಿವೆ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಆಗ ಜಲಾಶಯ ಬಹುತೇಕ ಭರ್ತಿಯಾಗಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ರೈತರ ಪಾಲಿನ ನೀರು ನದಿಗೆ ಹರಿದುಹೋಯಿತು. ಹರಿಯುವ ನೀರಿನಲ್ಲೇ ತಡೆಹಲಗೆಗಳನ್ನು ಇಳಿಸಿ ಆಗಸ್ಟ್ 17ರಂದು ಹೊರಹರಿವನ್ನು ನಿಲ್ಲಿಸಲಾಯಿತು. 2025ರ ಮುಂಗಾರಿನಲ್ಲಿ ಸಂಗ್ರಹವನ್ನು ಸುಮಾರು 80 ಟಿಎಂಸಿ ಅಡಿಗೆ ಮಿತಿಗೊಳಿಸಲಾಯಿತು.

ಸುಮಾರು 60 ಅಡಿ ಅಗಲ, 20 ಅಡಿ ಎತ್ತರದ ಗೇಟಿನ ಮೇಲೆ ತುಂಬಿದ ನೀರು ಹಾಕುವ ಅಡ್ಡಬಲ ಲೆಕ್ಕದ ಪ್ರಕಾರ ಸುಮಾರು 340 ಟನ್. ಈ ಬಲವನ್ನು ಗೇಟಿನ ಇಕ್ಕೆಲಗಳ ಕಂಬಗಳು ಹೊರುತ್ತವೆ. ಸರಪಳಿಯ ಪಾಲಿಗೆ ಬರುವುದು ಗೇಟಿನ ತೂಕ ಮತ್ತು ಎತ್ತುವಾಗ ಉಂಟಾಗುವ ಘರ್ಷಣೆ.

ಸಾಮರ್ಥ್ಯ ಕುಂದುವ ಬಗೆ

ಸರಪಳಿಯ ಬಲ ಅದರ ಅತ್ಯಂತ ದುರ್ಬಲ ಕೊಂಡಿಯ ಬಲವಷ್ಟೇ. 20 ಮಿಲಿಮೀಟರ್ ವ್ಯಾಸದ ರಚನಾ ಉಕ್ಕಿನ ಸರಳು ಸುಮಾರು 13 ಟನ್ ಎಳೆತಕ್ಕೆ ತುಂಡಾಗುತ್ತದೆ. ತುಕ್ಕು ತಿಂದು ವ್ಯಾಸ 16 ಮಿಲಿಮೀಟರಿಗೆ ಇಳಿದರೆ ಅದು ತಡೆಯುವುದು 8.4 ಟನ್ ಮಾತ್ರ. ವ್ಯಾಸ ಐದನೇ ಒಂದು ಭಾಗ ಕಡಿಮೆಯಾದರೆ ಬಲ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗುತ್ತದೆ. ಪದೇ ಪದೇ ಏರಿಳಿಯುವ ಭಾರವೂ ಲೋಹದಲ್ಲಿ ಸೂಕ್ಷ್ಮ ಬಿರುಕುಗಳನ್ನು ಬೆಳೆಸುತ್ತದೆ. ಇದನ್ನು ಲೋಹದ ದಣಿವು ಎನ್ನುತ್ತಾರೆ. ಈ ಕಾರಣಗಳಿಂದ ಎಂಜಿನಿಯರುಗಳು ವಸ್ತುವಿನ ಪೂರ್ಣ ಸಾಮರ್ಥ್ಯವನ್ನು ಬಳಸದೆ, ಅದನ್ನು ಸುರಕ್ಷತಾ ಗುಣಾಂಕದಿಂದ ಭಾಗಿಸಿ ಬಂದಷ್ಟು ಭಾರವನ್ನು ಮಾತ್ರ ಹೊರಿಸುತ್ತಾರೆ. ಪಟ್ಟಿಯಲ್ಲಿನ ಅಂಕಿಗಳು ಹೊಸ ವಸ್ತುವಿಗೆ ಸಂಬಂಧಿಸಿದವು; ಬಳಕೆಯಲ್ಲಿರುವ ವಸ್ತುವಿನ ಸಾಮರ್ಥ್ಯ ತಿಳಿಯಲು ನಿಯತ ತಪಾಸಣೆ ಅಗತ್ಯ.